ಘಟ್ಟ ಹತ್ತುವ ಮೀನು, ಘಟ್ಟ ಇಳಿಯುವ ಅಪ್ಪ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟುತ್ತಾಳೆ. ಬಾಯಾರಿದ ಸೀತೆಗಾಗಿ ರಾಮ ಬಾಣ ಬಿಟ್ಟು ನೀರು ಚಿಮ್ಮಿಸಿದ ಜಾಗ ಇದೆಂದು ಊರವರು ಹೇಳುತ್ತಾರೆ. ಅಲ್ಲಿಂದ ಹೊರಟ ನದಿ ಹೊಸನಗರ ತಾಲ್ಲೂಕನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ತಂಗಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಕಡಲು ಸೇರುತ್ತದೆ. ಸುಮಾರು 128 ಕಿ.ಮೀ.ಗಳಲ್ಲಿ ಮುಗಿದುಹೋಗುವ ಈ ಪುಟ್ಟ ನದಿ ಮೂರು ತಾಲ್ಲೂಕುಗಳನ್ನೂ ಒಂದೇ ದಾರದಲ್ಲಿ ಪೋಣಿಸಿದೆ.

ನೀರು ಹೀಗೆ ಕಡಲಿಗೆ ಇಳಿದರೆ, ಕಡಲಿನ ಮೀನು ದಿನವೂ ಘಟ್ಟ ಹತ್ತುತ್ತದೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಅಡಿಕೆ ತೋಟದ ತಿರುವಿನಲ್ಲಿ ಮೀನಿನವನ ಹಾರನ್ ಕೇಳಿಸುತ್ತದೆ. ಮೊದಲು ಹೊರಬರುವುದು ಮನೆಯ ಬೆಕ್ಕು, ಅದರ ಹಿಂದೆ ಪಾತ್ರೆ ಹಿಡಿದ ಗೃಹಿಣಿ. ಹಿಂದೆ ತಲೆಹೊರೆಯಲ್ಲಿ, ಆಮೇಲೆ ಸೈಕಲ್ಲಿನ ಬುಟ್ಟಿಯಲ್ಲಿ ಬರುತ್ತಿದ್ದ ಮೀನು ಈಗ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ, ದ್ವಿಚಕ್ರ ವಾಹನದ ಬೆನ್ನೇರಿ ಬರುತ್ತದೆ. "ಇವತ್ತು ಏನುಂಟು?" ಎಂಬ ಪ್ರಶ್ನೆಗೆ ಉತ್ತರ ಇಡೀ ಕೇರಿಗೆ ಕೇಳುವ ಹಾಗೆ ಬರುತ್ತದೆ: "ಬಂಗುಡೆ, ಭೂತಾಯಿ!"

ಈ ಎರಡು ಮೀನುಗಳ ಬಗ್ಗೆ ಇತ್ತೀಚೆಗೆ ಇನ್ನೊಂದು ಮಾತು ಮನೆಮನೆಗೆ ತಲುಪಿದೆ. ಎಣ್ಣೆಯಂಶ ಹೆಚ್ಚಿರುವ ಮೀನು ತಿಂದರೆ ಗಂಡಸರ ಪ್ರಾಸ್ಟೇಟ್ ಗ್ರಂಥಿಗೆ ಒಳ್ಳೆಯದಂತೆ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಓದುವ ಮಕ್ಕಳು ಫೋನಿನಲ್ಲಿ ಇದನ್ನು ಓದಿ ಮನೆಗೆ ಹೇಳುತ್ತಾರೆ. ಮೀನೆಣ್ಣೆಯ ಮಾತ್ರೆಯ ಡಬ್ಬಿಯನ್ನು ಅಪ್ಪನಿಗೆ ಕಳಿಸಿಕೊಡುವವರೂ ಇದ್ದಾರೆ. ಈ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ನೋಡಬೇಕಾದರೆ ಮೊದಲು ಮೀನಿನ ದಾರಿಯನ್ನೇ ನೋಡಬೇಕು.

ಮೂರು ಘಟ್ಟ, ಮೂರು ಹೆಸರು

ಮೂರು ತಾಲ್ಲೂಕುಗಳಿಗೆ ಮೀನು ಬರುವ ಮುಖ್ಯ ದಾರಿಗಳೂ ಮೂರು. ತೀರ್ಥಹಳ್ಳಿಗೆ ಮಲ್ಪೆ, ಉಡುಪಿಯ ಕಡೆಯಿಂದ ಆಗುಂಬೆ ಘಟ್ಟದ ಹದಿನಾಲ್ಕು ತಿರುವುಗಳನ್ನು ಸುತ್ತಿ ಬರುತ್ತದೆ. ಹೊಸನಗರಕ್ಕೆ ಗಂಗೊಳ್ಳಿ, ಕುಂದಾಪುರದಿಂದ ಹುಲಿಕಲ್ ಘಟ್ಟ ಹತ್ತಿ, ನಗರದ ಮಾರ್ಗವಾಗಿ ಬರುತ್ತದೆ. ಸಾಗರಕ್ಕೆ ಹೊನ್ನಾವರದಿಂದ ಗೇರುಸೊಪ್ಪೆಯ ಕಾಡು ದಾಟಿ, ಜೋಗದ ಮಗ್ಗುಲಿನಲ್ಲಿ ಬರುತ್ತದೆ.

ದಾರಿ ಬದಲಾದಂತೆ ಹೆಸರೂ ಬದಲಾಗುತ್ತದೆ. ಉಡುಪಿಯ ಕಡೆ ಭೂತಾಯಿ ಎನ್ನುವ ಮೀನು ಕುಂದಾಪುರದ ಬಾಯಲ್ಲಿ ಬೈಗೆ, ಹೊನ್ನಾವರ, ಕಾರವಾರದ ಕಡೆ ತಾರ್ಲೆ. ಬೆಳ್ಳಿ ಬಣ್ಣದ, ಗೇಣುದ್ದವೂ ಇಲ್ಲದ ಈ ಮೀನನ್ನು ಇಂಗ್ಲಿಷರು 'ಆಯಿಲ್ ಸಾರ್ಡಿನ್' ಎಂದರು. ಎಣ್ಣೆಯನ್ನು ಹೆಸರಿನಲ್ಲೇ ಹೊತ್ತ ಮೀನು ಇದು. ಒಂದು ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಇದನ್ನು ಬೇಯಿಸಿ ಹಿಂಡಿ ಎಣ್ಣೆ ತೆಗೆಯುತ್ತಿದ್ದರು. ಎಣ್ಣೆ ದೋಣಿಯ ಹಲಗೆಗೆ ಹೋದರೆ, ಉಳಿದ ಹಿಂಡಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ಬಡವರ ಮೀನೆಂದು ಹೆಸರಾಗಿದ್ದ ಇದು ಎಂದಿಗೂ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕಿದ್ದ ಭೂತಾಯಿ, 2021ರಲ್ಲಿ ನಾಲ್ಕು ಸಾವಿರ ಟನ್ನಿಗೂ ಕಡಿಮೆಯಾಗಿತ್ತು.

ಈ ಎಣ್ಣೆ ಬಂದದ್ದೆಲ್ಲಿಂದ? ಉತ್ತರದಲ್ಲಿ ಮಲೆನಾಡಿಗೂ ಒಂದು ಪಾಲಿದೆ. ಆಗುಂಬೆ, ಹುಲಿಕಲ್ಲುಗಳಲ್ಲಿ ಧೋ ಎಂದು ಸುರಿಯುವ ಮಳೆಯನ್ನು ತರುವ ಮುಂಗಾರಿನ ಹೊತ್ತಿನಲ್ಲೇ ಕರಾವಳಿಯ ಮೇಲ್ಪದರದ ನೀರು ಆಚೆ ಸರಿದು, ಆಳದ ತಣ್ಣನೆಯ, ಸಾರವತ್ತಾದ ನೀರು ಮೇಲೆ ಬರುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಪಾಚಿಗಳು ಹುಲುಸಾಗಿ ಬೆಳೆಯುತ್ತವೆ. ಒಮೆಗಾ-3 ಎಂಬ ಕೊಬ್ಬನ್ನು ತಯಾರಿಸುವುದು ಈ ಪಾಚಿಗಳು. ಅವನ್ನು ಸೋಸಿ ತಿನ್ನುವ ಭೂತಾಯಿ ಆ ಕೊಬ್ಬನ್ನು ಮೈಯಲ್ಲಿ ಕೂಡಿಡುತ್ತದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಸಿಗುವ ಭೂತಾಯಿ ಬೇಸಿಗೆಯದಕ್ಕಿಂತ ಹೆಚ್ಚು ಕೊಬ್ಬಿರುವುದು ಇದೇ ಕಾರಣಕ್ಕೆ. ಬಾಣಲೆಗೆ ಹಾಕಿದರೆ ತನ್ನ ಎಣ್ಣೆಯಲ್ಲೇ ತಾನು ಬೇಯುತ್ತದೆ ಎಂದು ಕರಾವಳಿಯವರು ಹೇಳುವುದು ಆಗಿನ ಮೀನಿಗೆ.

ಹೊಳೆಯ ಮೀನು, ಕಡಲಿನ ಮೀನು

ಘಟ್ಟದ ಮೇಲಿನವರಿಗೆ ಮೀನು ಗೊತ್ತಾದದ್ದು ಕಡಲಿನಿಂದ ಮಾತ್ರವಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನುಗಳು ಮೊಟ್ಟೆಯಿಡಲು ಹಳ್ಳ, ಗದ್ದೆಗಳತ್ತ ಹತ್ತಿ ಬರುತ್ತವೆ. ಅದಕ್ಕೇ ಅವು ಹತ್ತುಮೀನು. ಕತ್ತಲಲ್ಲಿ ದೀಪ, ಕತ್ತಿ, ಕೂಣಿ ಹಿಡಿದು ಗದ್ದೆಯಂಚಿಗೆ ಇಳಿದ ನೆನಪು ಇಲ್ಲದ ಮಲೆನಾಡಿನ ಗಂಡಸು ಅಪರೂಪ. ಸಾಗರದ ಸುತ್ತಮುತ್ತ ಬೇಸಿಗೆಯಲ್ಲಿ ನೀರಿಳಿದ ಕೆರೆಗೆ ಊರೆಲ್ಲ ಒಟ್ಟಾಗಿ ಕೂಣಿಯೊಂದಿಗೆ ಇಳಿಯುವ ಕೆರೆಬೇಟೆ ಹಬ್ಬದಷ್ಟೇ ಸಡಗರದ್ದು. ತೀರ್ಥಹಳ್ಳಿಯ ಕುಪ್ಪಳಿಯಲ್ಲಿ 1938ರಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ ಮೀನು ಹಿಡಿಯುವ ಹುಚ್ಚನ್ನು ಅವರ ಓದುಗರೆಲ್ಲ ಬಲ್ಲರು.

ತಿನ್ನದೆ ಉಳಿಸಿದ ಮೀನೂ ಇಲ್ಲಿದೆ. ತೀರ್ಥಹಳ್ಳಿಯ ಬಳಿ ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ದೊಡ್ಡ ದೊಡ್ಡ ಮೀನುಗಳು ಭಕ್ತರು ಹಾಕುವ ಆಹಾರಕ್ಕೆ ದಡಕ್ಕೇ ಬರುತ್ತವೆ. ಅವು ದೇವರ ಮೀನುಗಳು. ಯಾರೂ ಗಾಳ ಹಾಕುವುದಿಲ್ಲ.

ಹೊಳೆಯ ಅವಲು, ಲಿಂಗನಮಕ್ಕಿ ಹಿನ್ನೀರಿನ ಕಾಟ್ಲಾ ಒಳ್ಳೆಯ ಆಹಾರವೇ. ಸಸಾರಜನಕ ಧಾರಾಳವಾಗಿ ಸಿಗುತ್ತದೆ. ಆದರೆ ಒಮೆಗಾ-3 ಕೊಬ್ಬಿನ ಲೆಕ್ಕಕ್ಕೆ ಬಂದರೆ ಭೂತಾಯಿ, ಬಂಗುಡೆಗಳಿಗೆ ಅವು ಸಾಮಾನ್ಯವಾಗಿ ಸಾಟಿಯಾಗವು. ಹಾಗಾಗಿ ಪ್ರಾಸ್ಟೇಟಿನ ಮಾತು ಬಂದಾಗ ಎಲ್ಲರೂ ಬೆರಳು ತೋರಿಸುವುದು ಕಡಲಿನ ಮೀನಿಗೆ.

ಹಸಿ ಅಡಿಕೆಯಷ್ಟು ಗಾತ್ರ

ಪ್ರಾಸ್ಟೇಟ್ ಎಂದರೆ ಗಂಡಸರಿಗಷ್ಟೇ ಇರುವ ಒಂದು ಗ್ರಂಥಿ. ಮೂತ್ರಕೋಶದ ಬುಡದಲ್ಲಿ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುತ್ತದೆ. ವೀರ್ಯದ ದ್ರವದ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ. ಹರೆಯದವರಲ್ಲಿ ಅದರ ತೂಕ ಸುಮಾರು 20 ಗ್ರಾಂ. ಮಲೆನಾಡಿನವರಿಗೆ ಅರ್ಥವಾಗುವಂತೆ ಹೇಳುವುದಾದರೆ ಸಿಪ್ಪೆ ಸುಲಿಯದ ಹಸಿ ಅಡಿಕೆಯಷ್ಟು ಗಾತ್ರ.

ನಡುವಯಸ್ಸು ದಾಟಿದಂತೆ ಈ ಅಡಿಕೆ ದಪ್ಪವಾಗತೊಡಗುತ್ತದೆ. ಐವತ್ತರಿಂದ ಅರವತ್ತರೊಳಗಿನ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಬೆಳವಣಿಗೆ ಇರುತ್ತದೆ. ಎಂಬತ್ತು ದಾಟಿದವರಲ್ಲಿ ಬಹುಪಾಲು ಎಲ್ಲರಿಗೂ ಇರುತ್ತದೆ. ನಡುವಿನ ನಾಳ ಒತ್ತಿಹೋಗಿ ಮೂತ್ರದ ಧಾರೆ ಸಣ್ಣಗಾಗುತ್ತದೆ, ತಡೆದು ತಡೆದು ಬರುತ್ತದೆ, ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಇದು ಕ್ಯಾನ್ಸರ್ ಅಲ್ಲ. ಇದೇ ಮುಂದೆ ಕ್ಯಾನ್ಸರ್ ಆಗುತ್ತದೆಂಬುದೂ ಸರಿಯಲ್ಲ. ಔಷಧಿಯಿಂದ, ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಹತೋಟಿಗೆ ಬರುವ ತೊಂದರೆ.

ಪ್ರಾಸ್ಟೇಟ್ ಕ್ಯಾನ್ಸರ್ ಬೇರೆಯೇ ರೋಗ. ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುವ ಅದು ಆರಂಭದಲ್ಲಿ ಯಾವ ಸೂಚನೆಯನ್ನೂ ಕೊಡದಿರಬಹುದು. ಮೂಳೆಗೆ ಹಬ್ಬಿ ಸೊಂಟ ನೋಯತೊಡಗಿದ ಮೇಲೆ ಗೊತ್ತಾದರೆ ಪೂರ್ತಿ ಗುಣವಾಗುವುದು ಕಷ್ಟ. ಮೀನಿನ ಸಂಶೋಧನೆಗಳಲ್ಲಿ ಹೆಚ್ಚಿನವು ನಡೆದಿರುವುದು ಈ ಎರಡನೆಯ ರೋಗದ ಬಗ್ಗೆ.

ಮೀನು ಏನು ಮಾಡೀತು?

ಕತೆ ಶುರುವಾದದ್ದು ಹಿಮದ ನಾಡಿನಲ್ಲಿ. 1970ರ ದಶಕದಲ್ಲಿ ಬ್ಯಾಂಗ್ ಮತ್ತು ಡೈಯರ್‌ಬರ್ಗ್ ಎಂಬ ಡೆನ್ಮಾರ್ಕಿನ ವೈದ್ಯರು ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳ ರಕ್ತ ಪರೀಕ್ಷಿಸಿದರು. ಕೊಬ್ಬನ್ನೇ ಉಣ್ಣುವ ಈ ಜನಕ್ಕೆ ಹೃದಯಾಘಾತ ಕಡಿಮೆಯೆಂಬ ಮಾತಿತ್ತು. ಅದಕ್ಕೆ ಕಾರಣ ಕಡಲಿನ ಒಮೆಗಾ-3 ಇರಬಹುದೆಂದು ಅವರು ಊಹಿಸಿದರು. ಹೃದಯದ ಈ ಮಾತು ಕ್ರಮೇಣ ಇತರ ರೋಗಗಳಿಗೂ ಹರಡಿತು. ದೇಹದೊಳಗಿನ ಉರಿಯೂತವನ್ನು ಒಮೆಗಾ-3 ತಗ್ಗಿಸುತ್ತದೆ. ಉರಿಯೂತ ತಗ್ಗಿದರೆ ಕ್ಯಾನ್ಸರ್ ಕಣಗಳಿಗೂ ಅನುಕೂಲದ ವಾತಾವರಣ ತಪ್ಪಬಹುದೆಂಬುದು ಇದರ ಹಿಂದಿನ ತರ್ಕ.

2001ರಲ್ಲಿ ಸ್ವೀಡನ್ನಿನಿಂದ ಒಂದು ವರದಿ ಬಂತು. 6,272 ಗಂಡಸರನ್ನು ಮೂವತ್ತು ವರ್ಷ ಗಮನಿಸಿದಾಗ, ಮೀನನ್ನೇ ತಿನ್ನದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಪ್ರಮಾಣ ಮೀನು ತಿನ್ನುವವರಿಗಿಂತ ಎರಡು ಮೂರು ಪಟ್ಟು ಹೆಚ್ಚಿತ್ತು. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿತ್ರ ಸ್ವಲ್ಪ ಬದಲಾಯಿತು. ಮೀನು ತಿಂದವರಿಗೆ ರೋಗ ಬರುವುದು ಗಮನಾರ್ಹವಾಗಿ ಕಡಿಮೆಯಾಗಿರಲಿಲ್ಲ. ಆದರೆ ಆ ರೋಗದಿಂದ ಸಾಯುವ ಪ್ರಮಾಣ ಬಹಳ ಕಡಿಮೆಯಿತ್ತು.

ಅಷ್ಟರಲ್ಲಿ 2013ರಲ್ಲಿ ಅಮೆರಿಕದಿಂದ ತದ್ವಿರುದ್ಧ ಸುದ್ದಿ ಬಂತು. ರಕ್ತದಲ್ಲಿ ಒಮೆಗಾ-3 ಹೆಚ್ಚಿದ್ದವರಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 43ರಷ್ಟು ಹೆಚ್ಚು ಕಂಡಿತ್ತು! ಒಂದೇ ಸಲ ತೆಗೆದ ರಕ್ತದಿಂದ ಇಷ್ಟು ದೊಡ್ಡ ತೀರ್ಮಾನ ಸಲ್ಲದೆಂದು ಅನೇಕ ತಜ್ಞರು ಆಕ್ಷೇಪಿಸಿದರು. ಕೊನೆಗೆ 25,871 ಮಂದಿಯನ್ನು ಸೇರಿಸಿಕೊಂಡ ದೊಡ್ಡ ಪ್ರಯೋಗವೊಂದು ಅಮೆರಿಕದಲ್ಲಿ ನಡೆಯಿತು. ಅರ್ಧ ಮಂದಿಗೆ ದಿನಕ್ಕೊಂದು ಗ್ರಾಂ ಮೀನೆಣ್ಣೆಯ ಮಾತ್ರೆ, ಉಳಿದವರಿಗೆ ಅದೇ ರೂಪದ ಹುಸಿ ಮಾತ್ರೆ. ಐದು ವರ್ಷಗಳ ನಂತರ, 2018ರಲ್ಲಿ ಫಲಿತಾಂಶ ಬಂದಾಗ ಕ್ಯಾನ್ಸರ್ ಬರುವುದನ್ನು ಮಾತ್ರೆ ತಡೆದಿರಲಿಲ್ಲ.

ಆಸೆ ಪೂರ್ತಿ ಬತ್ತಿತೆಂದೂ ಅಲ್ಲ. 2024ರ ಕೊನೆಯಲ್ಲಿ ಲಾಸ್ ಏಂಜಲೀಸಿನ ಸಂಶೋಧಕರು ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅದರಲ್ಲಿದ್ದವರು ಸೌಮ್ಯ ಸ್ವರೂಪದ ಕ್ಯಾನ್ಸರ್ ಇದ್ದು, ಶಸ್ತ್ರಚಿಕಿತ್ಸೆಯಿಲ್ಲದೆ ವೈದ್ಯರ ನಿಗಾದಲ್ಲಿದ್ದ 100 ಗಂಡಸರು. ಒಂದು ಗುಂಪು ಕರಿದ, ಸಂಸ್ಕರಿಸಿದ ತಿಂಡಿಗಳ ಕೊಬ್ಬನ್ನು ಕಡಿಮೆ ಮಾಡಿ, ಮೀನು ಮತ್ತು ಮೀನೆಣ್ಣೆಯನ್ನು ಹೆಚ್ಚಿಸಿತು. ವರ್ಷ ಕಳೆದಾಗ ಕ್ಯಾನ್ಸರ್ ಕಣಗಳು ಬೆಳೆಯುವ ವೇಗವನ್ನು ತೋರಿಸುವ ಒಂದು ಸೂಚಕ ಈ ಗುಂಪಿನಲ್ಲಿ ಸುಮಾರು ಶೇ. 15 ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಸುಮಾರು ಶೇ. 24 ಏರಿತ್ತು. ಆದರೆ ಗೆಡ್ಡೆಯ ದರ್ಜೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನೂರೇ ಜನ, ಒಂದೇ ವರ್ಷ. ಇದು ಭರವಸೆಯ ಸುಳಿವೇ ಹೊರತು ಅಂತಿಮ ತೀರ್ಪಲ್ಲ.

ಇಷ್ಟೆಲ್ಲ ಸೋಸಿದರೆ ಉಳಿಯುವುದು ಸರಳವಾದ ಮಾತು. ಭೂತಾಯಿ, ಬಂಗುಡೆ ಒಳ್ಳೆಯ ಊಟ. ಹೃದಯದ ಹಿತಕ್ಕಾಗಿ ವಾರಕ್ಕೆ ಎರಡು ಸಲ ಮೀನು ತಿನ್ನಿರೆಂದು ಅಮೆರಿಕದ ಹೃದ್ರೋಗ ಸಂಘ ಸಲಹೆ ಕೊಡುತ್ತದೆ. ಪ್ರಾಸ್ಟೇಟಿಗೂ ಅದರಿಂದ ಒಳಿತಾದೀತು. ಆದರೆ ಅದು ರೋಗ ತಡೆಯುವ ತಾಯಿತವಲ್ಲ. ವೈದ್ಯರ ಪರೀಕ್ಷೆಗೆ ಬದಲಿಯಂತೂ ಖಂಡಿತ ಅಲ್ಲ.

ಮಡಕೆಯ ಗುಟ್ಟು

ಮೀನು ಯಾವುದು ಎಂಬಷ್ಟೇ ಅದನ್ನು ಹೇಗೆ ಬೇಯಿಸಿದರು ಎಂಬುದೂ ಮುಖ್ಯ. ಅಮೆರಿಕದ ಸಿಯಾಟಲ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಾರಕ್ಕೊಮ್ಮೆಯಾದರೂ ಎಣ್ಣೆಯಲ್ಲಿ ಮುಳುಗಿಸಿ ಕರಿದ ಮೀನು ತಿನ್ನುವವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಕರಿಯುವ ಎಣ್ಣೆ ಮೀನಿನ ಕೊಬ್ಬಿನ ಗುಣವನ್ನೇ ಕೆಡಿಸಬಹುದು.

ಮಲೆನಾಡಿನ ಹಳೆಯ ಅಡುಗೆಮನೆಗೆ ಈ ಉಪದೇಶ ಬೇಕಿರಲಿಲ್ಲ. ಮಣ್ಣಿನ ಮಡಕೆಯಲ್ಲಿ ಮೆಣಸು, ಕೊತ್ತಂಬರಿ, ತೆಂಗಿನಕಾಯಿ ಅರೆದು, ಉಪ್ಪಾಗೆಯದೋ ವಾಟೆಯದೋ ಹುಳಿ ಬಿಟ್ಟು ಕುದಿಸಿದ ಮೀನು ಸಾರು, ಜೊತೆಗೆ ಕಡುಬು ಅಥವಾ ಅಕ್ಕಿ ರೊಟ್ಟಿ. ಸಾರಿಗೆ ಬಿಟ್ಟ ಎಣ್ಣೆಯೂ ಸಾರಿನಲ್ಲೇ ಉಳಿಯುತ್ತದೆ. ರಾತ್ರಿ ಮಾಡಿದ್ದು ಬೆಳಿಗ್ಗೆಗೆ ಇನ್ನೂ ರುಚಿ.

ಒಣಮೀನಿನ ವಿಷಯ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಘಟ್ಟದ ಮೇಲಿನ ಮನೆಗಳಿಗೆ ಅಟ್ಟದಲ್ಲಿ ಕಟ್ಟಿಟ್ಟ ಒಣಮೀನೇ ಆಸರೆ. ಮಳೆಯ ದಿನ ಗಂಜಿಯೊಂದಿಗೆ ಸುಟ್ಟ ಒಣಮೀನಿನ ರುಚಿಗೆ ಎಣೆಯಿಲ್ಲ. ಆದರೆ ಅದರಲ್ಲಿ ಉಪ್ಪು ವಿಪರೀತ. ರಕ್ತದೊತ್ತಡ ಇರುವವರು ಚೂರಿಗೆ ತೃಪ್ತಿಪಡುವುದು ಲೇಸು.

ಇನ್ನು ಈ ಮೂರು ತಾಲ್ಲೂಕುಗಳಲ್ಲಿ ಮೀನು ಮುಟ್ಟದ ಮನೆಗಳೂ ಬಹಳ. ಹವ್ಯಕರ ತೋಟದ ಮನೆಗಳಲ್ಲಿ ಮೀನಿನವನ ಹಾರನ್ ಕೇಳಿದರೂ ಬಾಗಿಲು ತೆರೆಯುವುದಿಲ್ಲ. ಅವರು ಹೆದರಬೇಕಾಗಿಲ್ಲ. ಅಗಸೆ ಬೀಜದಲ್ಲೂ ಒಂದು ಬಗೆಯ ಒಮೆಗಾ-3 ಇದೆ. ದೇಹ ಅದರಲ್ಲಿ ಸ್ವಲ್ಪ ಭಾಗವನ್ನಷ್ಟೇ ಮೀನಿನ ಬಗೆಯ ಕೊಬ್ಬಾಗಿ ಮಾರ್ಪಡಿಸುತ್ತದೆಂಬುದು ನಿಜ. ಆದರೆ ಸೊಪ್ಪು ತರಕಾರಿ, ದಿನದ ನಡಿಗೆ, ಹಿಡಿತದಲ್ಲಿರುವ ತೂಕ, ಬೀಡಿ ಸಿಗರೇಟು ಇಲ್ಲದ ಬದುಕು, ಇವು ಮೀನು ತಿನ್ನುವವರಿಗೂ ತಿನ್ನದವರಿಗೂ ಸಮಾನವಾಗಿ ಸಲ್ಲುತ್ತವೆ.

ಮಳೆಯ ಮೇಲೆ ಹೊರಿಸಿದ ತಪ್ಪು

ಮೀನಿನ ವಿಷಯ ಕೇರಿಗೆಲ್ಲ ಕೇಳುವಂತೆ ಮಾತಾಡುವ ಊರಿನಲ್ಲಿ ಮೂತ್ರದ ವಿಷಯ ಮನೆಯೊಳಗೂ ಬಾಯಿಗೆ ಬರುವುದಿಲ್ಲ. ಕಷ್ಟವಿರುವುದು ಇಲ್ಲಿ.

ಹಳೆಯ ಮನೆಗಳಲ್ಲಿ ಬಚ್ಚಲು, ಪಾಯಖಾನೆ ಹಿತ್ತಲಿನ ಆಚೆ. ಮಳೆಗಾಲದ ರಾತ್ರಿ ಟಾರ್ಚು ಹಿಡಿದು, ಕಂಬಳಿ ಹೊದ್ದು ಅಪ್ಪ ಹಿತ್ತಲಿಗೆ ಹೋಗುತ್ತಾನೆ. ಮತ್ತೆ ಒಂದು ಗಂಟೆಗೆ ಇನ್ನೊಮ್ಮೆ. "ಏನು, ನಿದ್ದೆ ಬರಲಿಲ್ಲವೆ?" ಎಂದರೆ "ಥಂಡಿಗೆ ಹಾಗೆಯೇ" ಎಂಬ ಉತ್ತರ ಸಿದ್ಧವಿರುತ್ತದೆ. ಮಳೆಗಾಲ ಮುಗಿದು ಬೇಸಿಗೆ ಬಂದರೂ ಏಳುವುದು ನಿಲ್ಲುವುದಿಲ್ಲ. ಆಗ ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಡುತ್ತಾನೆ. ದೂರದ ಮದುವೆಗೆ ಬಸ್ಸಿನಲ್ಲಿ ಹೋಗಲು ಹಿಂಜರಿಯುತ್ತಾನೆ. ವಯಸ್ಸಾಯಿತೆಂದು ತಾನೇ ಸಮಾಧಾನ ಮಾಡಿಕೊಳ್ಳುತ್ತಾನೆ. ಮಗ ಕಳಿಸಿದ ಮೀನೆಣ್ಣೆಯ ಡಬ್ಬಿ ಇದ್ದರಂತೂ ಆಸ್ಪತ್ರೆಗೆ ಹೋಗದಿರಲು ಇನ್ನೊಂದು ನೆಪ ಸಿಕ್ಕಂತಾಯಿತು.

ಹೀಗೆ ಮುಚ್ಚಿಟ್ಟ ತೊಂದರೆ ಒಂದು ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಾಗ ಬಯಲಾಗುತ್ತದೆ. ಅದು ತಾಳಲಾರದ ನೋವು. ಕೂಡಲೇ ನಳಿಕೆ ಹಾಕಿ ಮೂತ್ರ ತೆಗೆಯಬೇಕು. ಲಿಂಗನಮಕ್ಕಿ ಹಿನ್ನೀರಿನಾಚೆಯ ತುಮರಿ, ಸಿಗಂದೂರು ಕಡೆಯವರಿಗೆ ಇದರ ಅರ್ಥ ಚೆನ್ನಾಗಿ ಗೊತ್ತು. ರಾತ್ರಿ ಲಾಂಚು ಇಲ್ಲದ ಕಾಲದಲ್ಲಿ ರೋಗಿಯನ್ನು ಸಾಗರಕ್ಕೆ ತರಲು ಸುತ್ತುಬಳಸಿ ಬರಬೇಕಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ದಾರಿ ಹತ್ತಿರವಾಗಿದೆ. ಆದರೆ ಬಾಯಿ ಬಿಡದ ಅಪ್ಪನಿಗೆ ಯಾವ ಸೇತುವೆಯೂ ಹತ್ತಿರವಲ್ಲ.

ವೈದ್ಯರು ಹೇಳುವ ಸೂಚನೆಗಳು ನೆನಪಿಡಲು ಕಷ್ಟವೇನಲ್ಲ. ಧಾರೆ ಸಣ್ಣಗಾಗುವುದು, ತಡೆದು ಬರುವುದು, ರಾತ್ರಿ ಪದೇ ಪದೇ ಏಳುವುದು ಕಂಡರೆ ತೋರಿಸಬೇಕು. ಮೂತ್ರದಲ್ಲಿ ರಕ್ತ ಕಂಡರೆ, ಸೊಂಟದ ಮೂಳೆ ಬಿಡದೆ ನೋಯುತ್ತಿದ್ದರೆ ತಡಮಾಡಲೇಬಾರದು. ಪದೇ ಪದೇ ಮೂತ್ರ ಬರುವುದು ಸಕ್ಕರೆ ಕಾಯಿಲೆಯ ಗುರುತೂ ಆಗಿರಬಹುದು. ಪಿಎಸ್‌ಎ ಎಂಬ ರಕ್ತಪರೀಕ್ಷೆ ಇದೆ. ಅದರಲ್ಲಿ ಅಂಕೆ ಹೆಚ್ಚಿದ ಮಾತ್ರಕ್ಕೆ ಕ್ಯಾನ್ಸರ್ ಎಂದಲ್ಲ. ಗ್ರಂಥಿ ದಪ್ಪವಾದರೂ, ಸೋಂಕಾದರೂ ಅದು ಏರುತ್ತದೆ. ಪರೀಕ್ಷೆ ಬೇಕೆ ಬೇಡವೆ ಎಂಬುದನ್ನು ಐವತ್ತರ ಹೊತ್ತಿಗೆ ವೈದ್ಯರೊಡನೆ ಕುಳಿತು ತೀರ್ಮಾನಿಸುವುದು ಒಳ್ಳೆಯದು. ಮನೆತನದಲ್ಲಿ ರೋಗವಿದ್ದರೆ ಇನ್ನೂ ಮೊದಲೇ.

ಮನೆತನದ ಈ ಮಾತು ವಿದ್ಯಾರ್ಥಿಗಳಿಗೂ ಸಂಬಂಧಿಸಿದ್ದು. ತಂದೆಗೋ ಅಣ್ಣತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ ಆ ಗಂಡಸಿಗೆ ಅದು ಬರುವ ಸಂಭವ ಇತರರಿಗಿಂತ ಸುಮಾರು ಎರಡು ಪಟ್ಟು. ಅಪ್ಪ ನಾಚಿಕೆಯಿಂದ ಮುಚ್ಚಿಟ್ಟದ್ದು ಮಗನಿಗೆ ಸಿಗಬೇಕಾಗಿದ್ದ ಎಚ್ಚರಿಕೆಯನ್ನೂ ಮುಚ್ಚಿಡುತ್ತದೆ. ರಜೆಗೆ ಬಂದ ಮಕ್ಕಳು ಅಪ್ಪ ರಾತ್ರಿ ಎಷ್ಟು ಸಲ ಎದ್ದರೆಂದು ಗಮನಿಸಿ, ಮೆಲ್ಲಗೆ ಕೇಳಬಹುದು. ಡಬ್ಬಿ ಕಳಿಸುವುದಕ್ಕಿಂತ ಇದರ ಬೆಲೆ ಹೆಚ್ಚು.

ತೀರ್ಥಹಳ್ಳಿಯಿಂದ ಮಣಿಪಾಲದ ಆಸ್ಪತ್ರೆಗೆ ಹೋಗುವವರು ಬೆಳಗಿನ ಬಸ್ಸಿಗೆ ಆಗುಂಬೆ ಘಟ್ಟ ಇಳಿಯುತ್ತಾರೆ. ಕಿಟಕಿಯ ಪಕ್ಕ ಅಪ್ಪ, ಅವನ ಜೊತೆಗೆ ರಜೆಯಲ್ಲಿ ಬಂದ ಮಗನೋ ಮಗಳೋ, ಮಡಿಲಲ್ಲಿ ಹಳೆಯ ಚೀಟಿಗಳ ಪ್ಲಾಸ್ಟಿಕ್ ಚೀಲ. ತಿರುವಿನಲ್ಲಿ ಬಸ್ಸು ನಿಂತು ಎದುರಿನ ವಾಹನಕ್ಕೆ ದಾರಿ ಬಿಡುತ್ತದೆ. ಮಂಜುಗಡ್ಡೆಯ ನೀರು ತೊಟ್ಟಿಕ್ಕಿಸುತ್ತ, ಏದುಸಿರು ಬಿಡುತ್ತ ಮೇಲೆ ಬರುವುದು ಮೀನಿನ ವ್ಯಾನು. ವಾಸನೆ ಮೂಗಿಗೆ ಬಡಿದದ್ದೇ ಅಪ್ಪ ಕತ್ತು ಹೊರಳಿಸಿ, "ಸಂಜೆಗೆ ಮನೆ ತಲುಪಿದರೆ ಬಂಗುಡೆ ಸಾರು ಮಾಡಿಸಬಹುದಿತ್ತು" ಎನ್ನುತ್ತಾನೆ. ಮಾಡಿಸಲಿ, ಧಾರಾಳವಾಗಿ ಉಣ್ಣಲಿ. ವೈದ್ಯರನ್ನು ಕಂಡು ಬಂದ ಮೇಲೆ ಆ ಸಾರು ಇನ್ನೂ ರುಚಿಯಾಗಿರುತ್ತದೆ.